ಅಕ್ಕನ ಸನ್ನೆ

"ಗುರುಗಳೇ, ನನಗೆ ದೀಕ್ಷೆ ತಕ್ಕದ್ದೋ ಅಲ್ಲವೋ ಎಂಬುದು ನಿಮಗೆ ಗೊತ್ತಿದೆ. ನಾನು ಒದ್ದಾಡುವುದನ್ನು ನೋಡುತ್ತಲೂ ಇದ್ದೀರಿ. ಹಾಗಿದ್ದೂ ಒಂದು ಮಾತು ಏಕೆ ಹೇಳುವುದಿಲ್ಲ?"

ಮಠದ ಶಿಷ್ಯ ಮರುಳಸಿದ್ಧ ಹೀಗೆ ಕೇಳಿದ. ದೀಕ್ಷೆಯ ದಿನ ಹತ್ತಿರ ಬಂದಿತ್ತು. ಕಾವಿ ಉಟ್ಟು ಮಠದಲ್ಲೇ ಉಳಿಯಬೇಕೋ, ಮನೆಗೆ ಮರಳಿ ಸಂಸಾರ ಹೂಡಬೇಕೋ ಎಂಬುದು ಅವನಲ್ಲಿ ತೀರ್ಮಾನವಾಗಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಪಾಠಕ್ಕೆ ಕುಳಿತರೆ ಮನಸ್ಸು ನಿಲ್ಲುತ್ತಿರಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಬಂದರಿನ ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ತಂದೆ ದೋಣಿ ರಿಪೇರಿ ಮಾಡುತ್ತಿದ್ದ. ಅಕ್ಕ ಶಾಲೆಯಲ್ಲಿ ಚದುರಂಗ ಕಲಿತಳು. ಮನೆಗೆ ಬಂದು ತಮ್ಮನಿಗೆ ಕಲಿಸಿದಳು. ಅವಳ ಆಟ ಚುರುಕಾಗಿತ್ತು. ಎದುರಾಳಿ ಏನು ಆಡಬಹುದು ಎಂಬುದು ಅವಳಿಗೆ ಮೊದಲೇ ಹೊಳೆಯುತ್ತಿತ್ತು. ತಮ್ಮ ನಿಧಾನಿ. ಆದರೆ ಕುಳಿತಲ್ಲಿಂದ ಏಳುತ್ತಿರಲಿಲ್ಲ.

ಇಬ್ಬರೂ ಜಿಲ್ಲೆಯಲ್ಲಿ ಗೆದ್ದರು, ರಾಜ್ಯದಲ್ಲಿ ಗೆದ್ದರು. ಮುಂದೆ ದೂರದ ಊರುಗಳಿಗೆ ಹೋಗಿ ಆಡಬೇಕಿತ್ತು. ಇಬ್ಬರನ್ನೂ ಕಳಿಸುವ ಶಕ್ತಿ ಆ ಮನೆಗಿರಲಿಲ್ಲ. ಆಗ ಅಕ್ಕ, "ಅವನು ಹೋಗಲಿ" ಎಂದಳು. ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ. ಆಮೇಲೆ ಅವಳು ಪಂದ್ಯಗಳಲ್ಲಿ ಆಡಲಿಲ್ಲ. ಆದರೆ ತಮ್ಮ ಆಡಿದ ಪ್ರತಿ ಆಟವನ್ನೂ ಮನೆಯ ಮಣೆಯ ಮೇಲೆ ಮತ್ತೆ ಆಡಿ ನೋಡಿದಳು. ಎಲ್ಲಿ ಎಡವಿದ, ಎಲ್ಲಿ ಅವಸರಪಟ್ಟ ಎಂದು ತೋರಿಸಿಕೊಟ್ಟಳು. ಅವನ ಎದುರಾಳಿಗಳ ಆಟಗಳನ್ನೂ ಓದಿ, ಯಾರು ಯಾವ ದಾರಿ ಹಿಡಿಯುತ್ತಾರೆಂದು ಹೇಳಿ ಕಳಿಸುತ್ತಿದ್ದಳು. ಹೀಗೆ ವರ್ಷಗಳು ಕಳೆದವು. ತಂದೆ ತೀರಿಕೊಂಡ. ಅವಳು ಮದುವೆಯಾಗಲಿಲ್ಲ.

ತಮ್ಮ ದೊಡ್ಡ ಆಟಗಾರನಾದ. ಗ್ರ್ಯಾಂಡ್‌ಮಾಸ್ಟರ್ ಎಂಬ ಪದವಿಗೆ ಒಂದೇ ಮೆಟ್ಟಿಲು ಉಳಿದಿತ್ತು. ಪರದೇಶದ ಒಂದು ನಗರದಲ್ಲಿ ಹಲವು ದೇಶಗಳ ಆಟಗಾರರು ಸೇರುವ ಪಂದ್ಯಾವಳಿ ನಡೆಯಿತು. ಅಲ್ಲಿಗೆ ಅವನು ಅಕ್ಕನನ್ನೂ ಕರೆದುಕೊಂಡು ಹೋದ. "ಈ ಸಲ ನೀನು ಎದುರಿಗೇ ಕೂತು ನೋಡು" ಎಂದ.

ಅವಳು ನೋಡಿದಳು. ಪ್ರೇಕ್ಷಕರಿಗೆಂದು ಹಾಕಿದ ಕುರ್ಚಿಗಳಲ್ಲಿ ಮುಂದಿನ ಸಾಲಿನಲ್ಲಿ ದಿನವೂ ಕುಳಿತಳು. ಗೋಡೆಯ ಮೇಲೆ ದೊಡ್ಡ ಪರದೆಗಳಿದ್ದವು. ಆಟಗಾರರು ಕಾಯಿ ಸರಿಸಿದಂತೆ ಪರದೆಯ ಮೇಲೂ ಕಾಯಿ ಸರಿಯುತ್ತಿತ್ತು. ಅವಳು ತಮ್ಮನ ಆಟವನ್ನಷ್ಟೇ ಅಲ್ಲ, ಎಲ್ಲರ ಆಟವನ್ನೂ ಅನುಸರಿಸಿದಳು. ಒಬ್ಬ ಕುದುರೆಯನ್ನು ಕೊಟ್ಟು ರಾಜನನ್ನು ಬಯಲಿಗೆ ಎಳೆಯುವುದು, ಇನ್ನೊಬ್ಬ ಸೋಲುವ ಆಟವನ್ನು ಸುಮ್ಮನೆ ಹಿಡಿದು ಕುಳಿತು ಉಳಿಸಿಕೊಳ್ಳುವುದು, ಎಲ್ಲವೂ ಅವಳಿಗೆ ಹತ್ತಿರದವರ ಮಾತಿನಂತೆ ತಿಳಿಯುತ್ತಿತ್ತು. ಸಭಾಂಗಣದಲ್ಲಿ ಯಾರೂ ಮಾತನಾಡುವಂತಿರಲಿಲ್ಲ. ಆಟಗಾರರಿಗೆ ಸನ್ನೆ ಮಾಡುವಂತಿರಲಿಲ್ಲ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಕೊನೆಯ ಸುತ್ತು ಬಂತು. ಗೆದ್ದರೆ ಪದವಿ ತಮ್ಮನದು. ಸಮವಾದರೂ ಸಿಗುವುದಿಲ್ಲ. ಎದುರಿಗೆ ಹಿಂದೆ ದೊಡ್ಡ ಹೆಸರು ಮಾಡಿದ್ದ ಒಬ್ಬ ಮುದುಕ ಕುಳಿತಿದ್ದ. ಆಟ ಬಹಳ ಹೊತ್ತು ಬಿಗಿಯಾಗಿ ನಡೆಯಿತು. ಆಮೇಲೆ ಮುದುಕ ತನ್ನ ಮಂತ್ರಿಯನ್ನು ದೂರಕ್ಕೆ ಸರಿಸಿದ.

ಅಕ್ಕನಿಗೆ ಆಗಲೇ ಕಂಡಿತು. ಮುದುಕನ ರಾಜನ ಮುಂದೆ ಕಾಲಾಳುಗಳ ಗೋಡೆಯಿತ್ತು. ತಮ್ಮ ತನ್ನ ಆನೆಯನ್ನು ತೆಗೆದುಕೊಂಡು ಹೋಗಿ ಆ ಗೋಡೆಗೆ ಬಡಿಯಬೇಕು. ಆನೆ ಸಾಯುತ್ತದೆ, ಆದರೆ ಗೋಡೆ ಒಡೆಯುತ್ತದೆ. ಹಿಂದೆಯೇ ಕುದುರೆ ನುಗ್ಗುತ್ತದೆ, ಮಂತ್ರಿಗೆ ದಾರಿ ತೆರೆಯುತ್ತದೆ. ಆಮೇಲೆ ರಾಜನಿಗೆ ಉಳಿವಿಲ್ಲ. ಮಂತ್ರಿಯನ್ನು ಬಿಟ್ಟರೆ ಕಾಯಿಗಳಲ್ಲಿ ಆನೆಯೇ ದೊಡ್ಡದು. ಅದನ್ನು ಒಂದು ಕಾಲಾಳಿಗಾಗಿ ಬಿಟ್ಟುಕೊಡಲು ಗಟ್ಟಿ ಎದೆ ಬೇಕು.

ತಮ್ಮ ಮಣೆಯನ್ನೇ ನೋಡುತ್ತ ಕುಳಿತಿದ್ದ. ಗಡಿಯಾರದಲ್ಲಿ ಅವನ ಸಮಯ ಕರಗುತ್ತಿತ್ತು. ಒಮ್ಮೆ ಅವನ ಕೈ ರಾಜನ ಕಡೆಗೆ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು. ಇವನಿಗೆ ಕಂಡಿಲ್ಲ ಎಂದುಕೊಂಡಳು ಅಕ್ಕ. ಇಷ್ಟು ವರ್ಷ ಕಾದದ್ದು ಈಗ ಕೈ ತಪ್ಪುತ್ತದೆ ಎಂದುಕೊಂಡಳು.

ಆಗ ತಮ್ಮ ಯೋಚಿಸುತ್ತಲೇ ತಲೆ ಎತ್ತಿದ. ಅವನ ಕಣ್ಣು ಅವಳ ಮೇಲೆ ಬಿತ್ತು.

ಚಿಕ್ಕಂದಿನಲ್ಲಿ ಅವನು ನೆಂಟರ ಜೊತೆ ಆಡುವಾಗ ಅಕ್ಕ ಕಳ್ಳಸನ್ನೆ ಮಾಡುತ್ತಿದ್ದಳು. ಜಡೆ ಮುಟ್ಟಿದರೆ ಕುದುರೆ. ಕಿವಿ ಮುಟ್ಟಿದರೆ ಆನೆ. ಮನೆಯವರು ನಗುತ್ತಿದ್ದರು. ದೊಡ್ಡವರಾದ ಮೇಲೆ ಅದನ್ನು ಇಬ್ಬರೂ ಮರೆತಿದ್ದರು.

ಅವಳು ಕೈ ಎತ್ತಿ ಕಿವಿ ಮುಟ್ಟಿಕೊಂಡಳು. ಮಾಡಬಾರದ್ದೆಂದು ಅವಳಿಗೆ ಗೊತ್ತಿತ್ತು. ಆದರೂ ಮಾಡಿದಳು.

ತೀರ್ಪುಗಾರರು ನೋಡಲಿಲ್ಲ. ಮುದುಕ ನೋಡಲಿಲ್ಲ. ತಮ್ಮ ಮಾತ್ರ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಕಣ್ಣು ತಗ್ಗಿಸಿದ. ತೀರ್ಪುಗಾರನಿಗೆ ಹೇಳಿದರೆ ಎಲ್ಲರ ಮುಂದೆ ಅಕ್ಕನನ್ನು ಹೊರಗೆ ಕಳಿಸುತ್ತಾರೆ. ಆನೆಯನ್ನು ಎತ್ತಿದರೆ ಪದವಿ ಅವನದಾಗುತ್ತದೆ. ಅವನು ಎರಡನ್ನೂ ಮಾಡಲಿಲ್ಲ. ಗಡಿಯಾರದಲ್ಲಿ ಉಳಿದ ಸಮಯ ಪೂರ್ತಿ ಮುಗಿಯುವ ಮುಂಚೆ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದ.

ಮುದುಕ ಉಸಿರು ಬಿಟ್ಟು ಮಂತ್ರಿಯನ್ನು ಹಿಂದಕ್ಕೆ ತಂದ. ಆ ಬಾಗಿಲು ಮುಚ್ಚಿತು. ಕೊನೆಗೆ ಮಣೆಯ ಮೇಲೆ ಇಬ್ಬರು ರಾಜರನ್ನು ಬಿಟ್ಟು ಬೇರೆ ಕಾಯಿಗಳೇ ಉಳಿಯಲಿಲ್ಲ. ಆಟ ಸಮವಾಯಿತು.

ಕೈ ಕುಲುಕಿದ ಮೇಲೆ ಮುದುಕ ಕಾಯಿಗಳನ್ನು ಮತ್ತೆ ಆ ಘಟ್ಟಕ್ಕೆ ಜೋಡಿಸಿದ. ಆನೆಯ ತಲೆಯ ಮೇಲೆ ಬೆರಳಿಟ್ಟು, "ನಾನು ಇದಕ್ಕೇ ಹೆದರಿದ್ದೆ. ನಿಮಗೆ ಕಾಣಲಿಲ್ಲವೇ?" ಎಂದು ಕೇಳಿದ.

"ಆಡಲು ಆಗಲಿಲ್ಲ" ಎಂದಷ್ಟೇ ತಮ್ಮ ಹೇಳಿದ.

ಹೊರಗೆ ಚಳಿ ಇತ್ತು. ಅಕ್ಕ ಬೀದಿಬದಿಯ ಬೆಂಚಿನ ಮೇಲೆ ಕುಳಿತಿದ್ದಳು. ತಮ್ಮ ಬಂದು ಪಕ್ಕದಲ್ಲಿ ಕುಳಿತ.

"ನನ್ನನ್ನು ನೋಡಲಿಲ್ಲವೇನೋ?" ಎಂದಳು.

"ನೋಡಿದೆ ಅಕ್ಕ."

"ಮತ್ತೆ? ನಾನು ಹೇಳಿದ್ದು ತಪ್ಪಾಗಿತ್ತಾ?"

"ಸರಿಯಾಗೇ ಇತ್ತು. ನಾನೂ ಆನೆಯ ಬಗ್ಗೆಯೇ ಯೋಚಿಸುತ್ತಿದ್ದೆ. ಗೋಡೆ ಒಡೆಯುವವರೆಗೆ ಕಂಡಿತ್ತು. ಮುಂದಿನದು ಮಸುಕಾಗಿತ್ತು. ನಿನ್ನ ಕೈ ಮೇಲೆದ್ದ ಕೂಡಲೇ ಪೂರ್ತಿ ಕಂಡುಬಿಟ್ಟಿತು."

ಅಕ್ಕ ಕೇಳಿದಳು, "ನಾನು ಸುಮ್ಮನಿದ್ದಿದ್ದರೆ ಆಡುತ್ತಿದ್ದೆಯಾ?"

"ಅದನ್ನೇ ಯೋಚಿಸುತ್ತಿದ್ದೇನೆ" ಎಂದ ತಮ್ಮ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಅವನು ಕೋಪಿಸಿಕೊಂಡಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು, ಇದನ್ನು ತಡೆದುಕೊಳ್ಳಲಾಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ತಮ್ಮ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದ. ಇಬ್ಬರೂ ಊರಿಗೆ ಮರಳಿದರು.

ಆಮೇಲೆಯೂ ಅವನು ಆಡಿದ. ಒಳ್ಳೆಯ ಆಟಗಾರನೆಂದೇ ಹೆಸರಾದ. ಆದರೆ ಆ ಪದವಿಯ ಅಷ್ಟು ಹತ್ತಿರಕ್ಕೆ ಮತ್ತೆ ಹೋಗಲಿಲ್ಲ. ಅಕ್ಕ ಅವನ ಜೊತೆ ಎಲ್ಲ ಪಂದ್ಯಗಳಿಗೂ ಹೋದಳು. ಅಡುಗೆ ಮಾಡಿ ಹಾಕಿದಳು, ಬಟ್ಟೆ ಒಗೆದಳು. ಅವನು ಆಡುವ ಸಭಾಂಗಣದೊಳಕ್ಕೆ ಮಾತ್ರ ಕಾಲಿಡಲಿಲ್ಲ. ಅವನು ಒಳಗೆ ಬಾ ಎಂದು ಕರೆದರೂ ಬರಲಿಲ್ಲ. ಪ್ರೀತಿ ಇಬ್ಬರಲ್ಲೂ ಕಡಿಮೆಯಾಗಲಿಲ್ಲ. ಕೆಲವು ಸಂಜೆ ತಮ್ಮ ಮನೆಯಲ್ಲಿ ಒಬ್ಬನೇ ಕುಳಿತು ಆ ದಿನದ ಕಾಯಿಗಳನ್ನು ಜೋಡಿಸುತ್ತಿದ್ದ. ಆನೆಯ ಎದುರು ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದ. ಅಕ್ಕ ಒಳಗಿನಿಂದ ಬಂದರೆ ಕಾಯಿಗಳನ್ನು ಕಲಸಿ ಡಬ್ಬಿಗೆ ತುಂಬಿಬಿಡುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮರುಳಸಿದ್ಧ ಕಾದ. ಕತೆ ಮುಂದುವರಿಯಲಿಲ್ಲ. ಕೊನೆಗೆ ಅವನೇ ಕೇಳಿದ: "ಗುರುಗಳೇ, ಅಕ್ಕ ಸನ್ನೆ ಮಾಡದಿದ್ದರೂ ಅವನಿಗೆ ಆ ನಡೆ ಕಾಣುತ್ತಿತ್ತೇ?"

ಗುರುಗಳು ಹೇಳಿದರು: "ಅದು ಅವನಿಗೆ ಸಾಯುವವರೆಗೂ ಗೊತ್ತಾಗಲಿಲ್ಲ, ನಿನ್ನದು ನಿನಗೆ ಗೊತ್ತಾಗಲಿ ಎಂದೇ ನಾನು ಕೈ ಎತ್ತುತ್ತಿಲ್ಲ."