ಏಡಿಯಜ್ಜಿ ಹೇಳಿದ ತಿಂಗಳು

ದ್ವೀಪದ ಮರಳಿನಲ್ಲಿ ಬಿಲ ತೋಡಿಕೊಂಡಿದ್ದ ಏಡಿಯಜ್ಜಿಗೆ ಕೊಕ್ಕರೆಯ ಕೊಕ್ಕು ಹೊಸದಲ್ಲ. ಮಾಘದ ಎಳೆಬಿಸಿಲಲ್ಲಿ ಹಾರಿಬಂದ ಕೊಕ್ಕರೆಯೊಂದು ಬಿಲದ ಬಾಯಲ್ಲೇ ನಿಂತು ಕೇಳಿತು: "ಅಜ್ಜೀ, ನಿಮ್ಮ ದ್ವೀಪಕ್ಕೆ ಬರಲು ಒಳ್ಳೆಯ ತಿಂಗಳು ಯಾವುದು? ಬಳಗವನ್ನೆಲ್ಲ ಕರೆತರಬೇಕು."

ಬಳಗವೆಂದರೆ ನೂರು ಕೊಕ್ಕು ಎಂಬುದು ಅಜ್ಜಿಗೆ ಗೊತ್ತು. ಆದರೂ ಅವಳು ನಯವಾಗಿಯೇ ಹೇಳಿದಳು: "ಆಷಾಢದಲ್ಲಿ ಬಾರಪ್ಪ. ಆಗ ನಾವೆಲ್ಲ ಮಕ್ಕಳುಮರಿ ಸಮೇತ ದಡದ ಮೇಲೇ ಇರುತ್ತೇವೆ."

ಆಷಾಢದಲ್ಲಿ ಹೊರಟ ಬಳಗವನ್ನು ಬಿರುಗಾಳಿ ನಡುಗಡಲಿನಿಂದಲೇ ಹಿಂದಕ್ಕಟ್ಟಿತು. ಮತ್ತೆ ಮಾಘಕ್ಕೆ ಬಂದ ಕೊಕ್ಕರೆ ಸಿಡುಕಿತು: "ಸುಳ್ಳು ಹೇಳಿದಿರಿ!"

"ಸುಳ್ಳೆಲ್ಲಿ ಬಂತು? ನಾವು ದಡದ ಮೇಲೇ ಇದ್ದೆವು," ಎಂದಳು ಅಜ್ಜಿ, ಬಿಲದೊಳಗಿನಿಂದಲೇ. "ನಿಮ್ಮ ಬಳಗ ಬರಲಾಗದ ತಿಂಗಳೇ ಈ ದ್ವೀಪಕ್ಕೆ ಒಳ್ಳೆಯ ತಿಂಗಳು ಕಣಪ್ಪ."