ಎಂಟನೆಯ ಪೆಟ್ಟು

ಮೃದಂಗದ ಅನಂತಶಯನಯ್ಯ ತೀರಿಕೊಂಡರು. ತಾಳಕ್ಕೆ ಸಾಫ್ಟ್‌ವೇರ್ ಬಂದ ಮೇಲೆ ಸಂಗೀತ ಸಭಾದವರು ಅವರನ್ನು ಕರೆಯುವುದನ್ನೇ ಬಿಟ್ಟಿದ್ದರು. ಶ್ರದ್ಧಾಂಜಲಿಯ ಹಾಡಿಗೂ ಅದೇ ಸಾಫ್ಟ್‌ವೇರ್ ಇಟ್ಟರು.

"ಅವರಿಗೆ ಇಷ್ಟವಾದ ಹಾಡು ಏಳು ಪೆಟ್ಟಿನದು ಸಾರ್. ಇದು ಎಂಟು ಹೊಡೆಯುತ್ತೆ. ಸರಿಮಾಡೋಕೆ ಹತ್ತು ನಿಮಿಷ ಬೇಕು," ಎಂದ ಮೈಕಿನ ರುದ್ರೇಶ.

ಕಾರ್ಯದರ್ಶಿ ಶ್ಯಾಮರಾಯರು ಗಡಿಯಾರ ನೋಡಿದರು. "ಹಾಗೇ ಹಾಕಯ್ಯ. ಒಂದು ಪೆಟ್ಟು ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತೆ?"

ರುದ್ರೇಶ ವೇದಿಕೆಯ ಮೇಲಿದ್ದ ಫೋಟೋ ಕಡೆ ನೋಡಿದ. "ನಿಜ ಸಾರ್. ಗೊತ್ತಾಗೋರಿಗೆ ಈಗ ತಾನೇ ಹಾರ ಹಾಕಿದ್ರಿ."

ರಾಯರೂ ಫೋಟೋ ಕಡೆ ನೋಡಿದರು. ಆಮೇಲೆ, "ಏಳಕ್ಕೇ ಕೂರಿಸು," ಎಂದರು.

ರುದ್ರೇಶ ಎಂಟನೆಯ ಪೆಟ್ಟನ್ನು ಅಳಿಸಿದ. ಹಾಡು ತಪ್ಪಿಲ್ಲದೆ ಸಾಗಿತು. ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುತ್ತಿದ್ದ ರಾಯರ ಕೈ ಮಾತ್ರ ಪ್ರತಿ ಸಲವೂ ಒಂದು ಪೆಟ್ಟು ತಡವಾಗಿ ಬೀಳುತ್ತಿತ್ತು.