ಬೈಯಮ್ಮನ ಗುಡ್ಡಕ್ಕೆ ಆ ಹೆಸರು ಬಂದದ್ದು

ಘಟ್ಟದ ಅಂಚಿನಲ್ಲಿ, ನಮ್ಮ ಊರಿಗೆ ಪಶ್ಚಿಮಕ್ಕೆ ನಿಂತಿರುವ ಬೋಳು ನೆತ್ತಿಯ ಶಿಖರವೇ ಬೈಯಮ್ಮನ ಗುಡ್ಡ. ಚೈತ್ರ, ವೈಶಾಖಗಳ ಮಧ್ಯಾಹ್ನ ಅದರ ಮೇಲೆ ಆಲಿಕಲ್ಲಿನ ಮಳೆ ಬೀಳುತ್ತದೆ. ನೆತ್ತಿಯ ಕೆಳಗೆ ಬೋಗುಣಿಯಂಥ ಒಂದು ತಗ್ಗಿದೆ. ಆಲಿಕಲ್ಲು ಉರುಳಿ ಬಂದು ಅಲ್ಲಿ ಮೊಣಕಾಲೆತ್ತರ ಸೇರಿಕೊಂಡು, ಕೆಲವು ವರ್ಷ ಮರುದಿನದವರೆಗೂ ಬೆಳ್ಳಗೆ ಕಾಣುತ್ತದೆ. ಇದನ್ನು ಹಿಮವೆಂದು ಯಾರೋ ಮೊಬೈಲಿನಲ್ಲಿ ಹಾಕಿದ ದಿನದಿಂದ ನಮಗೆ ನೆಮ್ಮದಿಯಿಲ್ಲ. ಅದು ಹಿಮವಲ್ಲ. ಎಷ್ಟು ಸಲ ಹೇಳಿದರೂ ರಸ್ತೆಯ ತಿರುವಿನಲ್ಲಿ ‘ಹಿಮಶಿಖರಕ್ಕೆ ದಾರಿ’ ಎಂಬ ಹಲಗೆ ಹಾಗೆಯೇ ಇದೆ. ಶನಿವಾರ, ಭಾನುವಾರ ಚಾರಣಕ್ಕೆ ಬರುವವರು ಕಾರು ನಿಲ್ಲಿಸಿ, ಆ ತಗ್ಗಿನಿಂದ ಇಳಿದು ಬರುವ ಬಿಳಿಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ದಾಟಿ ಮೇಲೆ ಹತ್ತುತ್ತಾರೆ. ಗುಡ್ಡಕ್ಕೆ ಈ ಹೆಸರು ಯಾಕೆ ಎಂದು ಕೇಳುವವರು ಕಡಿಮೆ. ಕೇಳಿದವರಿಗೂ, ಯಾರೋ ಬಾಯಿಬಡುಕಿ ಮುದುಕಿ ಇದ್ದಳಂತೆ ಎಂದು ಗೈಡುಗಳು ನಗಿಸಿ ಕಳಿಸುತ್ತಾರೆ. ಅದು ತಪ್ಪು. ಆಕೆ ಮುದುಕಿಯೂ ಆಗಿರಲಿಲ್ಲ.

ಹಿಂದೆ ಒಂದು ಕಾಲದಲ್ಲಿ, ಘಟ್ಟಕ್ಕೆ ಗಾಡಿರಸ್ತೆ ಆಗುವುದಕ್ಕೂ ಮೊದಲು, ಕರಾವಳಿಯ ಉಪ್ಪು ಹೇರೆತ್ತುಗಳ ಬೆನ್ನಿನ ಮೇಲೆ ಇದೇ ದಾರಿಯಲ್ಲಿ ಬರುತ್ತಿತ್ತು ಎನ್ನುತ್ತಾರೆ. ಹೊಳೆಯ ದಡದಲ್ಲಿ ಗುತ್ಯಮ್ಮ ಎಂಬಾಕೆ ಗುಡಿಸಲು ಹಾಕಿಕೊಂಡು, ದಾರಿಹೋಕರಿಗೆ ಗಂಜಿ ಕಾಯಿಸಿ ಕೊಡುತ್ತಿದ್ದಳು. ಗಂಜಿಯ ಜೊತೆಗೆ ಬೈಗುಳವೂ ಸಿಗುತ್ತಿತ್ತು. ಎತ್ತಿನ ಹಗ್ಗ ಬಿಗಿಯಾದರೆ ಬೈಗುಳ, ಗಂಜಿ ಚೆಲ್ಲಿದರೆ ಬೈಗುಳ, ಹೊತ್ತು ಮೀರಿ ಬಂದರೆ ಬೈಗುಳ. ಬಯಲಲ್ಲಿ ಬಿಸಿಲಿರುವಾಗಲೇ ಶಿಖರದಲ್ಲಿ ಆಲಿಕಲ್ಲು ಬೀಳುತ್ತದೆ, ಅದು ಕರಗಿದ ನೀರು ಮೊದಲು ಬಂದು ಹೊಳೆ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ, ಆಮೇಲೆ ಅರ್ಧ ಗಳಿಗೆಯೊಳಗೆ ಪ್ರವಾಹ ಬರುತ್ತದೆ. ಇಷ್ಟನ್ನು ಆ ದಡದಲ್ಲಿ ಬಲ್ಲವಳು ಆಕೆಯೊಬ್ಬಳೇ. ಬಲ್ಲದ್ದನ್ನು ಹೇಳಿಯೂ ಇದ್ದಳು. ಆದರೆ ಚೆಲ್ಲಿದ ಗಂಜಿಗೂ ಬರುವ ಪ್ರವಾಹಕ್ಕೂ ಆಕೆಯ ದನಿ ಒಂದೇ ಆಗಿತ್ತು.

ಗುತ್ಯಮ್ಮನಿಗೆ ಕೆರಿಯಪ್ಪ ಎಂಬ ತಮ್ಮನಿದ್ದ. ತಾಯಿಯಿಲ್ಲದ ಅವನನ್ನು ಆಕೆಯೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಒಂದು ವೈಶಾಖದಲ್ಲಿ ಅವನು ಹನ್ನೊಂದು ಹೇರೆತ್ತುಗಳೊಂದಿಗೆ ದಡಕ್ಕೆ ಬಂದಾಗ ಶಿಖರದ ಮೇಲೆ ಮೋಡ ಕಪ್ಪಾಗಿತ್ತು. ಉಪ್ಪಿನವರ ಕಣ್ಣು ಯಾವಾಗಲೂ ಆಕಾಶದ ಮೇಲೆಯೇ. ಮಳೆ ಇಲ್ಲಿಗೆ ಬರುವುದರೊಳಗೆ ಹೊಳೆಯಾಚೆಯ ಬಂಡೆಯ ಮರೆಗೆ ಹೇರು ಸೇರಿಸಬೇಕೆಂದು ಅವನು ಅವಸರಪಟ್ಟ. ಮುಂದಿನ ಎತ್ತು ನೀರಿಗೆ ಕಾಲಿಟ್ಟು ಹಿಂದಕ್ಕೆಳೆದುಕೊಂಡಿತು. ಗುತ್ಯಮ್ಮ ಓಡಿ ಬಂದು ಕೈಯದ್ದಿ ನೋಡಿದಳು.

“ಕೆರಿಯಾ, ನೀರು ಕೊರೀತಾ ಇದೆ. ಎತ್ತಿಗಿರೋ ಬುದ್ಧಿ ನಿನಗಿಲ್ಲವೇನೋ? ಕೂತ್ಕೋ ಈ ಕಡೆ!”

“ಅಕ್ಕಾ, ಹೋದ ಸಲ ನನ್ನ ಮುಂಡಾಸು ಸರಿಯಿಲ್ಲ ಅಂತ ಬೈದೆ. ಅದರ ಹಿಂದಿನ ಸಲ ನನ್ನ ನಡಿಗೆ ಸರಿಯಿಲ್ಲ ಅಂತ. ಈ ಸಲ ಹೊಳೆ ಸರದಿಯಾ?”

“ಹಾಳಾಗಿ ಹೋಗೋ ಉಪ್ಪು ಹೋಗಲಿ ಕಣೋ!”

“ಹೋದರೆ ನೀನು ಹೊತ್ತು ತರ್ತೀಯಾ? ಗಂಜಿ ಇಡಕ್ಕಾ, ಎತ್ತು ದಾಟಿಸಿ ಬರ್ತೀನಿ.”

ಜೊತೆಯಲ್ಲಿದ್ದವರು ನಕ್ಕರು. ಅವನು ಎತ್ತಿನ ಬಾಲ ತಿರುಚಿ ನೀರಿಗಿಳಿಸಿದ. ಏಳು ಎತ್ತುಗಳು ಆಚೆ ದಡ ಹತ್ತಿದವು. ಎಂಟನೆಯದರ ಹಗ್ಗ ಹಿಡಿದು ಕೆರಿಯಪ್ಪ ನಡುಹೊಳೆಯಲ್ಲಿದ್ದಾಗ ನೀರು ಬಂತು. ಎತ್ತಾಗಲಿ ಅವನಾಗಲಿ ಸಿಗಲಿಲ್ಲ.

ಅಂದಿನಿಂದ ಗುತ್ಯಮ್ಮ ಮಾತು ಬಿಟ್ಟಳು. ಗಂಜಿ ಚೆಲ್ಲಿದರೂ ಸುಮ್ಮನೆ ಒರೆಸಿದಳು. ಬೇಸಿಗೆಯ ಮಧ್ಯಾಹ್ನಗಳಲ್ಲಿ ದಡದ ಮೇಲೆ ಕುಳಿತು ನೀರಿಗೆ ಕೈ ಇಳಿಬಿಟ್ಟಿರುತ್ತಿದ್ದಳು. ಆ ಬಳಿಕ ಬದುಕಿದ್ದ ಇಪ್ಪತ್ತು ವರ್ಷದಲ್ಲಿ ಆಕೆ ಬಾಯಿ ತೆರೆದದ್ದು ಮೂರೇ ಸಲ ಎನ್ನುತ್ತಾರೆ. ಮೂರು ಸಲವೂ ದಾಟಲು ಬಂದವರನ್ನು ಹಳೆಯ ದನಿಯಲ್ಲಿಯೇ ಬೈದಳು. ಮೂರು ಸಲವೂ ಅವರು ಕುಳಿತರು, ಬದುಕಿದರು. ಬೈಯಮ್ಮ ಎಂಬ ಹೆಸರನ್ನು ಇಟ್ಟವರು ಅವರು. ದಿನವೂ ಬೈಯುತ್ತಿದ್ದಾಗ ಯಾರೂ ಇಟ್ಟದ್ದಲ್ಲ. ಇದನ್ನು ಗೈಡುಗಳಿಗೆ ಬರೆದು ಕೊಟ್ಟಿದ್ದೇನೆ, ಓದಿದಂತೆ ಕಾಣುವುದಿಲ್ಲ.

ಆಕೆಯ ನಂತರ ಊರಿನ ಹೆಂಗಸರು ಸರದಿಯ ಮೇಲೆ ಅಲ್ಲಿ ಕೂರುವ ವಾಡಿಕೆಯಾಯಿತು. ಕೂತವಳು ಯಾರೊಡನೆಯೂ ಮಾತಾಡುವುದಿಲ್ಲ; ಮಾತೇನಿದ್ದರೂ ತಣ್ಣೀರಿಗೆ ಮೀಸಲು. ಕಳೆದ ವೈಶಾಖದಲ್ಲಿ ಸರದಿ ಸಾವಂತ್ರಮ್ಮನದಾಗಿತ್ತು. ಆರು ಜನ ಬಂದರು. ಆಕೆ ಎದ್ದು ನಿಂತು ಬೈದಳು. ಐವರು ಬೆಚ್ಚಿ ಕುಳಿತರು. ಆರನೆಯವನು ಈ ಊರಿನವನೇ, ನಮ್ಮ ಶಾಲೆಯಲ್ಲಿ ಓದಿದವನು, ಈ ಐತಿಹ್ಯವನ್ನು ನನ್ನ ಬಾಯಿಂದಲೇ ಕೇಳಿದ್ದವನು. “ನೋಡ್ರೋ, ನಮ್ಮ ಬೈಯಮ್ಮ ಶುರು ಮಾಡಿದಳು” ಎಂದು ನಗುತ್ತಾ ಮೊದಲ ಕಲ್ಲಿಗೆ ಹಾರಿದ. ಅವನಿಗೆ ಹತ್ತೊಂಬತ್ತು ವರ್ಷವಾಗಿತ್ತು.

ಈಗ ಎರಡೂ ದಡಕ್ಕೆ ಕಬ್ಬಿಣದ ಸರಪಳಿ ಹಾಕಿದ್ದಾರೆ. ಅದನ್ನು ದಾಟಿ ಕಾಲಿಡುವವರೂ ಇದ್ದಾರೆ. ಬೇಸಿಗೆಯಲ್ಲಿ ಬಂದರೆ ದಡದ ಮೇಲೆ ಒಬ್ಬ ಹೆಂಗಸು ನೀರಿನಲ್ಲಿ ಕೈಯಿಟ್ಟು ಕುಳಿತಿರುವುದು ಕಾಣುತ್ತದೆ. “ಆಂಟಿ, ಒಂದ್ಸಲ ಬೈಯಿರಿ, ವಿಡಿಯೋ ಮಾಡ್ಕೊಳ್ತೀವಿ” ಎಂದು ಚಾರಣದವರು ಕಾಡುತ್ತಾರೆ. ಆಕೆ ತಲೆಯೆತ್ತುವುದಿಲ್ಲ. ನೀರು ಬೆಚ್ಚಗಿರುವಷ್ಟು ಹೊತ್ತು ಆಕೆ ಬೈಯುವುದಿಲ್ಲ.